ಜನಗಣಮನದ ಅಧಿನಾಯಕನಾರು?

ನಮ್ಮ ರಾಷ್ಟ್ರಗೀತೆಯನ್ನು ಹಾಡುವವರು ಕೋಟ್ಯಂತರ ಜನ; ಅದರ ಐದು ಚರಣಗಳನ್ನೂ ಓದಿದವರು ವಿರಳ. ಶಾಲೆಯ ಅಂಗಳದಲ್ಲಿಯೂ ಸಭಾಮಂದಿರದಲ್ಲಿಯೂ ನಾವು ಹಾಡುವುದು ಮೊದಲನೆಯ ಚರಣವೊಂದನ್ನೇ. ಸುಮಾರು ೫೨ ಸೆಕೆಂಡುಗಳಲ್ಲಿ ಅದು ಮುಗಿಯುತ್ತದೆ. ಉಳಿದ ನಾಲ್ಕು ಪುಸ್ತಕದಲ್ಲಿಯೇ ಉಳಿದಿವೆ. ಈ ಸಂಕ್ಷೇಪದಿಂದ ಗಾಯನಕ್ಕೆ ಸೌಕರ್ಯವಾಗಿರುವುದು ನಿಜ. ಆದರೆ ಅರ್ಥಕ್ಕೆ ಒದಗಿರುವ ಹಾನಿಯನ್ನು ವಿಚಾರಿಸಿದವರು ಕಡಮೆ. ಆ ಹಾನಿ ಯಾವುದು, ಅದಕ್ಕೆ ಪರಿಹಾರವೇನು ಎಂಬುದನ್ನು ವಿದ್ವಾಂಸರ ಮತ್ತು ಸಾಹಿತ್ಯೋಪಾಧ್ಯಾಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಾನಿಯೆಂದರೆ ಇದು: ರವೀಂದ್ರನಾಥ ಠಾಕೂರರು ಈ ಗೀತೆಯನ್ನು ೧೯೧೧ರಲ್ಲಿ ಆಂಗ್ಲ ಚಕ್ರವರ್ತಿ ಐದನೆಯ ಜಾರ್ಜನ ಸ್ವಾಗತಕ್ಕಾಗಿ ಕಟ್ಟಿದರು, ಗೀತೆಯ ಅಧಿನಾಯಕನು ಆ ದೊರೆಯೇ, ಆದುದರಿಂದ ಸ್ವತಂತ್ರ ಭಾರತವು ಎದ್ದು ನಿಂತು ಹಾಡುತ್ತಿರುವುದು ಪರರಾಜನ ಹೊಗಳಿಕೆಯನ್ನು ಎಂಬ ಆಕ್ಷೇಪ. ಇದು ನೂರು ವರ್ಷಗಳಿಗೂ ಹಿಂದೆ ಹುಟ್ಟಿತು, ಇನ್ನೂ ಸತ್ತಿಲ್ಲ. ನಾನು ಉಪಾಧ್ಯಾಯವೃತ್ತಿಗೆ ಬಂದ ಹೊಸದರಲ್ಲಿ ತರಗತಿಯ ಹುಡುಗನೊಬ್ಬನು ಇದನ್ನೇ ಕೇಳಿದನು. ‘ಹಾಗೆಂದು ಹೇಳುವವರುಂಟು’ ಎಂದು ನಕ್ಕು ನಾನು ಪಾಠವನ್ನು ಮುಂದುವರಿಸಿದೆನು. ಐದು ಚರಣಗಳನ್ನು ಆಗ ನಾನು ಓದಿರಲಿಲ್ಲ. ಓದದೆ ನಕ್ಕ ಆ ನಗೆಯ ಋಣವನ್ನು ತೀರಿಸುವುದಕ್ಕೂ ಈ ಬರವಣಿಗೆಯೆಂದು ವಾಚಕಮಹಾಶಯರು ತಿಳಿಯಬಹುದು.

೧. ಗೀತೆಯ ಜನನಕಾಲ

ಗೀತೆಯು ಮೊದಲು ಸಭೆಯಲ್ಲಿ ಕೇಳಿಬಂದುದು ಕಲಕತ್ತೆಯಲ್ಲಿ, ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧಿವೇಶನದ ಎರಡನೆಯ ದಿನ, ೧೯೧೧ನೆಯ ಡಿಸೆಂಬರ್ ೨೭ರಂದು. ಆ ಕಾಲದ ಸಂನಿವೇಶವನ್ನು ನೆನೆಯದೆ ಆಕ್ಷೇಪದ ಮೂಲ ತಿಳಿಯದು. ಅದೇ ತಿಂಗಳ ೧೨ರಂದು ದೆಹಲಿಯ ದರ್ಬಾರಿನಲ್ಲಿ ಜಾರ್ಜ್ ದೊರೆಯು ಎರಡು ಘೋಷಣೆಗಳನ್ನು ಮಾಡಿದ್ದನು: ೧೯೦೫ರ ವಂಗವಿಭಜನೆ ರದ್ದಾಯಿತೆಂಬುದು ಒಂದು, ರಾಜಧಾನಿಯು ಕಲಕತ್ತೆಯಿಂದ ದೆಹಲಿಗೆ ಹೋಗುವುದೆಂಬುದು ಇನ್ನೊಂದು. ವಿಭಜನೆ ನಿಂತುದಕ್ಕಾಗಿ ಕೃತಜ್ಞತೆಯನ್ನು ತೋರಿಸಬೇಕೆಂಬುದು ಆಗಿನ ಕಾಂಗ್ರೆಸ್ಸಿನ ಮಂದಗಾಮಿ ನಾಯಕರ ಇಷ್ಟವಾಗಿದ್ದಿತು. ದೊರೆಯು ಡಿಸೆಂಬರ್ ೩೦ರಂದು ಕಲಕತ್ತೆಗೆ ಬರುವವನಿದ್ದನು.

೨೭ರ ಕಾರ್ಯಕ್ರಮದ ಅನುಕ್ರಮ ಹೀಗಿತ್ತು. ಮೊದಲು ಠಾಕೂರರ ಗೀತೆ. ಅನಂತರ ಚಕ್ರವರ್ತಿಗೆ ಸ್ವಾಗತವನ್ನೂ ನಿಷ್ಠೆಯನ್ನೂ ಸೂಚಿಸುವ ನಿರ್ಣಯ. ಅದಾದ ಮೇಲೆ ದೊರೆಯ ಸ್ತುತಿರೂಪವಾದ ಬೇರೊಂದು ಹಿಂದೀ ಹಾಡು. ಈ ಎರಡನೆಯ ಹಾಡಿನ ಕರ್ತೃ ರಾಮಭುಜ ದತ್ತ ಚೌಧುರಿಯವರು. ಅದನ್ನು ಬಾಲಕಬಾಲಿಕೆಯರು ಹಾಡಿದರು. ಮಾರನೆಯ ದಿನ ‘ಸ್ಟೇಟ್ಸ್‌ಮನ್’, ‘ಇಂಗ್ಲಿಷ್‌ಮನ್’ ಎಂಬ ಆಂಗ್ಲರ ಪತ್ರಿಕೆಗಳು, ಠಾಕೂರರು ಚಕ್ರವರ್ತಿಗಾಗಿಯೇ ರಚಿಸಿದ ಗೀತೆಯಿಂದ ಸಭೆ ಆರಂಭವಾಯಿತೆಂದು ಬರೆದವು. ದೇಶೀಯರ ‘ಅಮೃತಬಜಾರ್ ಪತ್ರಿಕೆ’ ಮತ್ತು ‘ಬೆಂಗಾಲಿ’ ಪತ್ರಿಕೆಗಳಾದರೋ ಎರಡು ಹಾಡುಗಳನ್ನೂ ಬೇರೆಬೇರೆಯಾಗಿ ಹೇಳಿ, ದೊರೆಯ ಸ್ತುತಿಯನ್ನು ಎರಡನೆಯದಕ್ಕೆ ಮಾತ್ರ ಸಂಬಂಧಿಸಿದವು. ವಂಗಭಾಷೆಯನ್ನರಿಯದ ವರದಿಗಾರರು ಎರಡು ಹಾಡುಗಳನ್ನು ಒಂದಾಗಿ ಬೆರಸಿದರೆಂದು ಊಹಿಸುವುದು ಯುಕ್ತವಾಗಿದೆ.

ಮುಂದಿನ ತಿಂಗಳಲ್ಲಿಯೇ, ಎಂದರೆ ೧೯೧೨ರ ಜನವರಿಯಲ್ಲಿ, ಠಾಕೂರರು ಸಂಪಾದಕರಾಗಿದ್ದ ‘ತತ್ತ್ವಬೋಧಿನೀ ಪತ್ರಿಕೆ’ಯಲ್ಲಿ ಗೀತೆಯು ‘ಭಾರತಭಾಗ್ಯವಿಧಾತಾ’ ಎಂಬ ಹೆಸರಿನಿಂದ, ಬ್ರಹ್ಮಸಂಗೀತವೆಂಬ ಸಂಜ್ಞೆಯೊಡನೆ ಪ್ರಕಟವಾಯಿತು. ಬ್ರಾಹ್ಮಸಮಾಜದ ಮಾಘೋತ್ಸವದಲ್ಲಿ ಅದನ್ನು ಉಪಾಸನಾಗೀತವಾಗಿ ಹಾಡಿದರು.

೨. ಬಾಹ್ಯಪ್ರಮಾಣಗಳ ಬಲಾಬಲ

ಈ ಸಂಗತಿಗಳಿಂದಲೇ ವಿವಾದ ಮುಗಿಯಿತೆಂದು ಗೀತೆಯ ಪಕ್ಷಪಾತಿಗಳು ಹೇಳುವುದುಂಟು. ನಾನು ಅಷ್ಟು ಬೇಗ ಮುಗಿಸಲಾರೆ. ಮಂತ್ರಗಳ ವಿನಿಯೋಗವನ್ನು ನಿರ್ಣಯಿಸುವಾಗ ಜೈಮಿನಿಗಳು ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆಗಳೆಂಬ ಆರು ಪ್ರಮಾಣಗಳನ್ನು ಹೇಳಿ, ಅವುಗಳೊಳಗೆ ವಿರೋಧ ಬಂದರೆ ಹಿಂದಿನದು ಪ್ರಬಲ, ಮುಂದಿನದು ದುರ್ಬಲ ಎಂದು ವ್ಯವಸ್ಥೆ ಮಾಡಿದ್ದಾರೆ. ಶಬ್ದದ ಸ್ವಂತಶಕ್ತಿ ಮೇಲೆ. ಹೊರಗಿನ ಸಂಬಂಧಗಳು ಕೆಳಗೆ. ಈ ತಕ್ಕಡಿಯಲ್ಲಿ ಇಬ್ಬರ ಸಾಕ್ಷ್ಯವನ್ನೂ ತೂಗೋಣ.

ಆಕ್ಷೇಪಕರ ಸಾಕ್ಷ್ಯವೇನು? ದೊರೆಯ ಆಗಮನದ ಕಾಲ, ನಿಷ್ಠಾನಿರ್ಣಯದ ಸಾಮೀಪ್ಯ. ಮೊದಲನೆಯದು ಪ್ರಕರಣ, ಎರಡನೆಯದು ಸ್ಥಾನ. ರಕ್ಷಕರ ಸಾಕ್ಷ್ಯವೇನು? ‘ಭಾರತಭಾಗ್ಯವಿಧಾತಾ’ ಎಂಬ ಶೀರ್ಷಿಕೆ, ಬ್ರಹ್ಮಸಂಗೀತವೆಂಬ ಸಂಜ್ಞೆ. ಇವೆರಡೂ ಸಮಾಖ್ಯೆಯೇ, ಆರರಲ್ಲಿ ಕಡೆಯದು, ಎಲ್ಲಕ್ಕಿಂತ ದುರ್ಬಲವಾದುದು! ಪಕ್ಷಪಾತವಿಲ್ಲದೆ ಹೇಳುವುದಾದರೆ ಹೊರಗಿನ ಸಾಕ್ಷ್ಯದಿಂದಲೇ ಗೆಲ್ಲುತ್ತೇವೆಂಬ ಹೆಮ್ಮೆ ಯಾರಿಗೂ ಸಲ್ಲದು.

ಕವಿಯ ಸ್ವಂತ ಹೇಳಿಕೆಯುಂಟಲ್ಲ ಎಂದರೆ, ಉಂಟು. ೧೯೩೭ರ ನವೆಂಬರ್ ೧೦ರಂದು ಪುಲಿನವಿಹಾರಿ ಸೇನರಿಗೆ ಬರೆದ ಪತ್ರದಲ್ಲಿ ಠಾಕೂರರು ವಿಷಯವನ್ನು ವಿವರಿಸಿದ್ದಾರೆ. ಸರಕಾರದಲ್ಲಿ ಪ್ರತಿಷ್ಠಿತರಾಗಿದ್ದ ತಮ್ಮ ಮಿತ್ರರೊಬ್ಬರು ದೊರೆಯ ಜಯಗೀತವನ್ನು ಬರೆದುಕೊಡಬೇಕೆಂದು ಕೇಳಿದರು. ಅದನ್ನು ಕೇಳಿ ತಮಗೆ ಆಶ್ಚರ್ಯವೂ ಮನಸ್ತಾಪವೂ ಆಯಿತು. ಅದರ ಪ್ರತಿಕ್ರಿಯೆಯಾಗಿ, ಯುಗಯುಗಗಳಿಂದ ಏಳುಬೀಳುಗಳ ದಾರಿಯಲ್ಲಿ ಭಾರತದ ರಥವನ್ನು ನಡೆಸುತ್ತಿರುವ ಭಾಗ್ಯವಿಧಾತನ ಜಯವನ್ನು ತಾವು ಘೋಷಿಸಿದುದಾಗಿಯೂ, ಆತನು ಯಾವ ಜಾರ್ಜನೂ ಆಗಲಾರನೆಂಬುದು ಆ ಮಿತ್ರರಿಗೂ ಅರ್ಥವಾಯಿತೆಂದೂ ಅದರ ತಾತ್ಪರ್ಯ. ೧೯೩೯ರಲ್ಲಿ ಬರೆದ ಮತ್ತೊಂದು ಪತ್ರದಲ್ಲಿ, ತಮ್ಮನ್ನು ಅಷ್ಟು ಮೂಢನೆಂದು ಎಣಿಸುವವರಿಗೆ ಉತ್ತರ ಕೊಡುವುದೇ ತಮಗೆ ಅವಮಾನವೆಂದಿದ್ದಾರೆ.

ಈ ಪತ್ರಗಳು ಗೌರವಾರ್ಹವಾದುವು. ಆದರೂ ಮೊದಲನೆಯದು ಗೀತೆ ಹುಟ್ಟಿದ ೨೬ ವರ್ಷಗಳ ಮೇಲಿನದು. ಅಷ್ಟರಲ್ಲಿ ದೇಶದ ಮನೋಧರ್ಮವೇ ಬದಲಾಗಿದ್ದಿತು. ಪ್ರತಿವಾದಿಯು ‘ಹಿಂದಿನದನ್ನು ಮರೆಮಾಚಲು ಹೀಗೆ ಬರೆದರು’ ಎಂದರೆ ಬಾಯಿ ಮುಚ್ಚಿಸುವುದು ಕಷ್ಟ. ಆದುದರಿಂದ ಪ್ರಕರಣ, ಸ್ಥಾನ, ಸಮಾಖ್ಯೆ, ಪತ್ರ ಇವುಗಳನ್ನೆಲ್ಲ ಒಂದು ಪಕ್ಕಕ್ಕಿಟ್ಟು, ಪ್ರಬಲವಾದ ಪ್ರಮಾಣಕ್ಕೆ, ಎಂದರೆ ಗೀತೆಯ ಶಬ್ದಗಳಿಗೇ, ಹೋಗತಕ್ಕದ್ದು.

೩. ಶಬ್ದವಿಚಾರ

ಮೊದಲು ವೈಯಾಕರಣರ ಆಕ್ಷೇಪವನ್ನು ಪರಿಹರಿಸೋಣ. ಸಂಸ್ಕೃತದಲ್ಲಿ ‘ಮನಸ್’ ಶಬ್ದವು ಸಕಾರಾಂತ. ‘ಅಧಿನಾಯಕ’ದೊಡನೆ ಸಮಾಸವಾದರೆ ‘ಮನೋಽಧಿನಾಯಕ’ ಎಂದಾಗಬೇಕು. ‘ವಿಧಾತೃ’ ಶಬ್ದದ ಸಂಬೋಧನೆ ‘ವಿಧಾತಃ’ ಎಂದಿರಬೇಕು. ಕವಿಯು ಎರಡನ್ನೂ ಪಾಲಿಸಿಲ್ಲ. ಆದರೆ ಇದು ಸಂಸ್ಕೃತಗೀತವಲ್ಲ. ಸಂಸ್ಕೃತಶಬ್ದಗಳು ದಟ್ಟವಾಗಿ ಸೇರಿದ ವಂಗಗೀತ. ವಂಗಭಾಷೆಯಲ್ಲಿ ‘ಮನ’ವು ಅಕಾರಾಂತವಾದ ದೇಶೀಯರೂಪ, ಪ್ರಥಮಾರೂಪವೇ ಕರೆಯುವುದಕ್ಕೂ ಸಲ್ಲುತ್ತದೆ. ‘ಮನದಲ್ಲಿ’, ‘ಮನಕ್ಕೆ’ ಎಂದು ದಿನವೂ ಆಡುವ ಕನ್ನಡಿಗನಿಗೆ ಈ ರೂಪದಲ್ಲಿ ದೋಷ ತೋರಬೇಕಾದುದಿಲ್ಲ. ‘ಮನ’, ‘ಅಧಿನಾಯಕ’ಗಳ ನಡುವೆ ಸವರ್ಣದೀರ್ಘವಾಗದಿರುವುದು ಗಾನದ ಯತಿಗಾಗಿ ಉಳಿಸಿಕೊಂಡ ವಿಸಂಧಿ, ಓದುವಾಗ ಕುಂದೆನಿಸಿದರೂ ಹಾಡುವಾಗ ಗುಣವೇ ಆಗಿದೆ. ದೀರ್ಘಸ್ವರಗಳಿಗೆ ಎರಡು ಮಾತ್ರೆಯ ಬೆಲೆ ಕೊಟ್ಟಿರುವುದರಿಂದ, ವಂಗದ ಉಚ್ಚಾರಣೆಯನ್ನರಿಯದವರ ಬಾಯಲ್ಲಿಯೂ ಗೀತೆಯ ನಡೆ ಕೆಡುವುದಿಲ್ಲ. ಅನ್ಯಭಾಷೆಯವರಿಗೂ ಇದು ಸುಲಭವಾಗಿ ಒದಗಿದುದಕ್ಕೆ ಇದೊಂದು ಮುಖ್ಯ ಕಾರಣ.

ಇನ್ನು ಅರ್ಥ. ರಾಜವಾಚಕಗಳಾದ ಭೂಪತಿ, ಮಹೀಪಾಲ, ಕ್ಷಿತೀಶ, ಪಾರ್ಥಿವ, ನರಪತಿ, ನೃಪ ಎಂಬ ಶಬ್ದಗಳನ್ನು ನೋಡಿರಿ. ಅವು ಅವನನ್ನು ನೆಲಕ್ಕೋ ಜನಕ್ಕೋ ಒಡೆಯನೆನ್ನುತ್ತವೆ. ಗೀತೆಯ ಮೊದಲ ಸಮಾಸವು ಹೇಳುವ ಒಡೆತನ ನೆಲದ ಮೇಲಿನದಲ್ಲ, ಜನಗಣದ ಮನಸ್ಸಿನ ಮೇಲಿನದು. ಮನಸ್ಸಿನಲ್ಲಿದ್ದು ಮನಸ್ಸಿಗೆ ತಿಳಿಯದಂತೆ ಒಳಗಿನಿಂದ ಅದನ್ನು ನಿಯಮಿಸುವವನಾರೆಂಬುದನ್ನು ಬೃಹದಾರಣ್ಯಕದ ಅಂತರ್ಯಾಮಿಬ್ರಾಹ್ಮಣದಲ್ಲಿ ಯಾಜ್ಞವಲ್ಕ್ಯರು ಉದ್ದಾಲಕರಿಗೆ ಹೇಳಿದ್ದಾರೆ. ಉಪನಿಷತ್ತುಗಳಿಂದ ಆಯ್ದು ‘ಬ್ರಾಹ್ಮಧರ್ಮ’ವೆಂಬ ಗ್ರಂಥವನ್ನು ಮಾಡಿದ ಮಹರ್ಷಿ ದೇವೇಂದ್ರನಾಥರ ಪುತ್ರನಿಗೆ ಈ ಭಾವ ಮನೆಯ ಅನ್ನದಂತೆ ಸಹಜವಾದುದು.

ನಾಡುಗಳ ಹೆಸರುಗಳನ್ನು ಕುರಿತು ಒಂದು ಮಾತು. ‘ಕರ್ಣಾಟಕವೇಕಿಲ್ಲ?’ ಎಂದು ನಮ್ಮವರು ಕೇಳುವುದುಂಟು. ಬ್ರಾಹ್ಮಣಸಮುದಾಯಗಳನ್ನು ದೇಶಾನುಸಾರವಾಗಿ ಎಣಿಸುವ ಹಳೆಯ ಸಂಪ್ರದಾಯದಲ್ಲಿ ಕರ್ಣಾಟಕ, ತೈಲಂಗ, ದ್ರಾವಿಡ, ಮಹಾರಾಷ್ಟ್ರ, ಗುರ್ಜರ ಇವು ಐದೂ ಸೇರಿ ಪಂಚದ್ರಾವಿಡ. ಗೀತೆಯಲ್ಲಿ ಗುಜರಾತ, ಮರಾಠಗಳ ಹೆಸರು ಪ್ರತ್ಯೇಕವಾಗಿ ಬಂದಿರುವುದರಿಂದ, ದ್ರಾವಿಡಶಬ್ದವು ಉಳಿದ ಮೂರನ್ನೂ ಒಳಗೊಳ್ಳುತ್ತದೆಂದು ತಿಳಿಯುವುದು ಸಂಪ್ರದಾಯಕ್ಕೆ ಒಪ್ಪಿಗೆಯಾದುದೇ. ೧೯೪೭ರಲ್ಲಿ ಸಿಂಧಪ್ರಾಂತವು ದೇಶದಿಂದ ಬೇರೆಯಾದುದರಿಂದ ಆ ಹೆಸರನ್ನು ತೆಗೆಯಬೇಕೆಂದು ಬಂದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೦೫ರಲ್ಲಿ ತಳ್ಳಿಹಾಕಿತು. ಕಾವ್ಯದಲ್ಲಿ ಬರುವ ದೇಶನಾಮಗಳು ಉಪಲಕ್ಷಣಗಳೇ ಹೊರತು ಮೋಜಣಿಯ ಗಡಿಕಲ್ಲುಗಳಲ್ಲ.

೪. ವಾಕ್ಯಶೇಷ

ಇಷ್ಟಾದರೂ ಮೊದಲನೆಯ ಚರಣವೊಂದರಿಂದಲೇ ಸಂದೇಹ ಪೂರ್ತಿಯಾಗಿ ಹೋಗುವುದಿಲ್ಲ. ‘ಅಧಿನಾಯಕ’ ಎಂದು ದೇವರನ್ನೂ ಕರೆಯಬಹುದು, ಮುಖಸ್ತುತಿಗೆ ನಿಂತವನು ದೊರೆಯನ್ನೂ ಕರೆಯಬಹುದು. ಸಂದೇಹ ಬಂದಲ್ಲಿ ವಾಕ್ಯಶೇಷದಿಂದ ನಿರ್ಣಯಿಸಬೇಕೆಂಬುದು ಮೀಮಾಂಸಕರ ಮರ್ಯಾದೆ. ನೆನೆಸಿದ ಹರಳುಗಳನ್ನು ಇಡಬೇಕೆಂದು ಒಂದು ವಿಧಿಯುಂಟು. ಯಾವ ದ್ರವ್ಯದಲ್ಲಿ ನೆನೆಸಬೇಕೆಂದು ವಿಧಿವಾಕ್ಯದಲ್ಲಿಲ್ಲ. ಎಣ್ಣೆಯೋ ತುಪ್ಪವೋ ಎಂದು ಸಂದೇಹ. ಮುಂದಿನ ವಾಕ್ಯದಲ್ಲಿ ತುಪ್ಪದ ಪ್ರಶಂಸೆ ಬರುವುದರಿಂದ ತುಪ್ಪವೆಂದೇ ನಿಶ್ಚಯ. ಮುಂದಿನ ವಾಕ್ಯವನ್ನು ಕತ್ತರಿಸಿ ಒಗೆದವನಿಗೆ ಎಣ್ಣೆಯ ಶಂಕೆ ಎಂದೂ ತಪ್ಪದು. ನಮ್ಮ ಗೀತೆಗೆ ಆಗಿರುವುದು ಇದೇ. ಸಂದೇಹವು ಮೊದಲನೆಯ ಚರಣದಲ್ಲಿದೆ. ನಿರ್ಣಯವು ನಾವು ಹಾಡದ ನಾಲ್ಕು ಚರಣಗಳಲ್ಲಿದೆ.

ಎರಡನೆಯ ಚರಣದಲ್ಲಿ ಹಿಂದೂ, ಬೌದ್ಧ, ಸಿಖ್, ಜೈನ, ಪಾರಸೀಕ, ಮುಸಲ್ಮಾನ, ಕ್ರೈಸ್ತರು ಅವನ ಕರೆಯನ್ನು ಕೇಳಿ ಬರುತ್ತಾರೆ. ಪೂರ್ವ ಪಶ್ಚಿಮಗಳು ಅವನ ಸಿಂಹಾಸನದ ಪಾರ್ಶ್ವದಲ್ಲಿ ಕೂಡಿ ಪ್ರೇಮದ ಹಾರವನ್ನು ಕಟ್ಟುತ್ತವೆ. ‘ಇಗೋ ಸಿಂಹಾಸನ!’ ಎಂದು ಪೂರ್ವಪಕ್ಷಿಯು ಹಿಗ್ಗಬಹುದು. ಹಿಗ್ಗಲಿ, ಮೂರನೆಯ ಚರಣಕ್ಕೆ ಬರಲಿ. ಅಲ್ಲಿ ಪತನ ಅಭ್ಯುದಯಗಳಿಂದ ಒರಟಾದ ದಾರಿಯಲ್ಲಿ ಯುಗಯುಗಗಳಿಂದ ಯಾತ್ರಿಕರು ಓಡುತ್ತಿದ್ದಾರೆ. ಅವನು ಚಿರಕಾಲದ ಸಾರಥಿ. ಅವನ ರಥಚಕ್ರದಿಂದ ಹಗಲಿರುಳೂ ದಾರಿ ಮೊಳಗುತ್ತದೆ. ದಾರುಣವಾದ ವಿಪ್ಲವದ ನಡುವೆ ಅವನ ಶಂಖಧ್ವನಿ ಕೇಳಿ ಭಯ ಹೋಗುತ್ತದೆ. ಸಾರಥ್ಯವೂ ಶಂಖವೂ ಒಬ್ಬನಲ್ಲಿ ಕೂಡಿದುವೆಂದ ಮೇಲೆ ಕುರುಕ್ಷೇತ್ರವನ್ನು ನೆನೆಯದ ಭಾರತೀಯನಾರು? ಜಾರ್ಜನು ಪಟ್ಟಕ್ಕೆ ಬಂದುದು ೧೯೧೦ರ ಮೇ ತಿಂಗಳಲ್ಲಿ. ಎರಡು ವರ್ಷವೂ ತುಂಬದ ಅರಸನಿಗೆ ಯುಗಯುಗಗಳ ಸಾರಥ್ಯವನ್ನು ಯಾವ ಅತಿಶಯೋಕ್ತಿಯೂ ತಂದುಕೊಡಲಾರದು. ಅದಲ್ಲದೆ, ವಂಗದೇಶವು ಆರು ವರ್ಷ ಚಳವಳಿಯಲ್ಲಿ ಕುದಿದ ಕಾಲದಲ್ಲಿ, ವಿಪ್ಲವದ ನಡುವೆ ನಿಂತು ಅಭಯವನ್ನು ಕೊಡುವವನು ನೀನೆಂದು ಆಂಗ್ಲದೊರೆಗೆ ಹೇಳುವ ಸ್ತುತಿಪಾಠಕನು ಎಲ್ಲಿಯಾದರೂ ಇದ್ದಾನೆಯೆ?

ನಾಲ್ಕನೆಯ ಚರಣವು ನಿರ್ಣಾಯಕವಾದುದು. ಘೋರವಾದ ಕತ್ತಲೆ, ದೇಶವು ಪೀಡಿತವಾಗಿ ಮೂರ್ಛೆಹೋಗಿದೆ, ದುಃಸ್ವಪ್ನದಲ್ಲಿಯೂ ಆತಂಕದಲ್ಲಿಯೂ ಎವೆಯಿಕ್ಕದೆ ನೋಡುತ್ತ ಮಡಿಲಲ್ಲಿಟ್ಟು ಕಾಪಾಡಿದವಳು ಸ್ನೇಹಮಯಿಯಾದ ತಾಯಿ. ಇಲ್ಲಿಯವರೆಗೆ ನಾಯಕನೂ ಸಾರಥಿಯೂ ಆಗಿದ್ದವನೇ ಇಲ್ಲಿ ತಾಯಿ. ಅರಸನನ್ನು ತಂದೆಯೆನ್ನುವುದು ನಮ್ಮ ಕಾವ್ಯಗಳಲ್ಲಿ ಸರ್ವಸಾಧಾರಣ. ಗಂಡಸಾದ ಅರಸನನ್ನೇ ಎದುರಿಗೆ ನಿಲ್ಲಿಸಿ ‘ನೀನು ತಾಯಿ’ ಎಂದು ಬಿನ್ನಹ ಮಾಡುವ ಪದ್ಧತಿ ನಮ್ಮ ಪ್ರಶಸ್ತಿಗಳದಲ್ಲ. ತಂದೆತಾಯಿ ಎರಡೂ ಆಗಬಲ್ಲವನು ಪರಮಾತ್ಮನೊಬ್ಬನೇ.

ಐದನೆಯ ಚರಣದಲ್ಲಿ ಇರುಳು ಕಳೆದು ಮೂಡಣ ಬೆಟ್ಟದ ಮೇಲೆ ಸೂರ್ಯನು ಮೂಡುತ್ತಾನೆ. ನಿದ್ರಿಸಿದ್ದ ಭಾರತವು ಅವನ ಕರುಣೆಯ ಅರುಣರಾಗದಿಂದ ಎಚ್ಚರಗೊಳ್ಳುತ್ತದೆ. ಇಲ್ಲಿಯೇ ‘ರಾಜೇಶ್ವರ’ ಎಂಬ ಸಂಬೋಧನೆ ಬರುತ್ತದೆ. ನಮ್ಮ ಪಕ್ಷಕ್ಕೆ ಇದು ಕಠಿನವಾದ ಸ್ಥಳವೆಂಬುದನ್ನು ಮರೆಮಾಚಬಾರದು. ರಾಜರಿಗೆ ಈಶ್ವರನೆಂದರೆ ದರ್ಬಾರಿನಲ್ಲಿ ಸಂಸ್ಥಾನಾಧಿಪತಿಗಳ ತಲೆಬಾಗುವಿಕೆಯನ್ನು ಕೈಕೊಂಡ ಚಕ್ರವರ್ತಿಗೂ ಅನ್ವಯಿಸೀತು. ಆದರೆ ಸಂದಿಗ್ಧವಾದ ಒಂದು ಪದವು ಅಸಂದಿಗ್ಧವಾದ ಅನೇಕ ವಾಕ್ಯಗಳನ್ನು ತನ್ನ ಕಡೆಗೆ ಎಳೆಯಲಾರದು. ಅವುಗಳೇ ಅದನ್ನು ಎಳೆಯುತ್ತವೆ. ಯುಗಗಳ ಸಾರಥಿಯೂ ದೇಶದ ತಾಯಿಯೂ ಆದವನು ಯಾರೋ ಅವನೇ ರಾಜೇಶ್ವರ.

೫. ರಾಜಗೀತೆಯ ಲಕ್ಷಣ

ರಾಜರಿಗಾಗಿ ಹುಟ್ಟಿದ ಗೀತೆಗಳು ಹೇಗಿರುತ್ತವೆಂಬುದು ಮೈಸೂರು ಸೀಮೆಯವರಾದ ನಮಗೆ ತಿಳಿಯದುದಲ್ಲ. ಅಭಿನವಕಾಳಿದಾಸರೆನಿಸಿದ ಬಸವಪ್ಪಶಾಸ್ತ್ರಿಗಳು (೧೮೪೩–೧೮೯೧) ಚಾಮರಾಜೇಂದ್ರ ಒಡೆಯರ ಆಸ್ಥಾನದಲ್ಲಿದ್ದು ರಚಿಸಿದ ‘ಕಾಯೌ ಶ್ರೀಗೌರಿ’ ಮೈಸೂರು ಸಂಸ್ಥಾನದ ಗೀತೆಯಾಗಿದ್ದಿತು. ಅದರ ಕಾರಕಸಂಬಂಧವನ್ನು ನೋಡಿರಿ. ಕಾಯುವವಳು ಗೌರಿ, ಕಾಯಲ್ಪಡುವವನು ಅರಸ, ಕಾಯೆಂದು ಬೇಡುವವರು ಪ್ರಜೆಗಳು. ಆಂಗ್ಲರ ರಾಜಗೀತೆಯಲ್ಲಿಯೂ ದೇವರು ಕರ್ತೃ, ಅರಸನು ಕರ್ಮ, ಪ್ರಜೆಗಳು ಪ್ರಾರ್ಥಿಗಳು. ಈ ಮೂವರಿಲ್ಲದೆ ರಾಜಮಂಗಲಗೀತೆಯಿಲ್ಲ. ಜನಗಣಮನದಲ್ಲಿ ಇರುವವರು ಇಬ್ಬರೇ: ವಿಧಾತ ಮತ್ತು ಜನ. ನಡುವೆ ಅರಸನಿಗೆ ಎಡೆಯೇ ಇಲ್ಲ. ರಾಜಗೀತೆಯಲ್ಲಿ ಪ್ರಜೆಗಳು ಅರಸನಿಗಾಗಿ ಹರಕೆಯನ್ನು ಬೇಡುವರು. ಇಲ್ಲಿ ನಾಡುಗಳೂ ಬೆಟ್ಟಹೊಳೆಗಳೂ ತಮಗಾಗಿ ಹರಕೆಯನ್ನು ಬೇಡುತ್ತವೆ.

ಪ್ರಾರ್ಥನೆಯಲ್ಲ, ನೇರವಾದ ಪ್ರಶಸ್ತಿಯೆಂದರೆ ಅದೂ ಹೊಂದದು. ನಮ್ಮ ಶಾಸನಗಳ ಪ್ರಶಸ್ತಿಗಳಲ್ಲಿ ಅರಸನ ಹೆಸರು, ವಂಶ, ಬಿರುದು, ಗೆದ್ದ ಯುದ್ಧ, ಕೊಟ್ಟ ದತ್ತಿ ಇವುಗಳಲ್ಲಿ ಕೆಲವಾದರೂ ಇದ್ದೇ ತೀರುತ್ತವೆ. ಇಲ್ಲಿ ಹೆಸರಿಲ್ಲ, ಕುಲವಿಲ್ಲ, ವಿಭಜನೆಯನ್ನು ನಿಲ್ಲಿಸಿದ ಉಪಕಾರದ ಸೂಚನೆಯೂ ಇಲ್ಲ. ಆ ದಿನ ದೊರೆಯನ್ನು ಹೊಗಳಬೇಕಾಗಿದ್ದವನು ಅದೊಂದನ್ನೇ ಮೊದಲು ಹೇಳುತ್ತಿದ್ದನು.

ಹಾಗಾದರೆ ಸಿಂಹಾಸನ, ರಾಜೇಶ್ವರ ಎಂಬ ಆಸ್ಥಾನದ ಮಾತುಗಳೇಕೆ? ಇದು ಅನವಧಾನವಲ್ಲವೆಂದು ನನ್ನ ಮತಿಗೆ ತೋರುತ್ತದೆ. ೧೯೩೭ರ ಪತ್ರವನ್ನು ಪ್ರಮಾಣವಾಗಿ ಅಲ್ಲ, ವ್ಯಾಖ್ಯಾನವಾಗಿ ಮಾತ್ರ ಇಲ್ಲಿ ನೆನೆಯಬಹುದು. ಅರಸನಿಗೊಂದು ಜಯಗೀತವನ್ನು ಕೇಳಿದರು. ಕವಿಯು ಜಯವನ್ನೂ ಸಿಂಹಾಸನವನ್ನೂ ಉಳಿಸಿಕೊಂಡು, ಕುಳಿತಿದ್ದವನನ್ನು ಎಬ್ಬಿಸಿ, ಆ ಪೀಠದಲ್ಲಿ ಬೇರೊಬ್ಬನನ್ನು ಕುಳ್ಳಿರಿಸಿದನು. ಉಪಮಾನವನ್ನು ಹೆಸರಿಸದೆಯೇ ಉಪಮೇಯವು ಅದಕ್ಕಿಂತ ಮಿಗಿಲೆಂದು ಧ್ವನಿಸುವ ಈ ರೀತಿಯನ್ನು ವ್ಯಂಗ್ಯವಾದ ವ್ಯತಿರೇಕವೆನ್ನಬಹುದು. ಮುಖಸ್ತುತಿಯೆಂದು ನಿಂದಿಸಲ್ಪಟ್ಟ ಗೀತೆಯು ನಿಜವಾಗಿ ಮುಖಸ್ತುತಿಯ ನಿರಾಕರಣ. ಸಿಂಹಾಸನವೆಂಬ ಪದವನ್ನು ಕಂಡು ದೊರೆಯನ್ನೂಹಿಸಿದವರು ಕವಿಯ ಧೈರ್ಯವನ್ನೇ ಅವನ ದೈನ್ಯವೆಂದು ತಿಳಿದರು.

೬. ಪರಿಗ್ರಹ

ಗೀತೆಯ ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೧೯ರಲ್ಲಿ ದಕ್ಷಿಣದೇಶದ ಸಂಚಾರದಲ್ಲಿ ಬೆಂಗಳೂರಿಗೂ ಬಂದಿದ್ದ ಠಾಕೂರರು, ಆ ವರ್ಷದ ಫೆಬ್ರವರಿಯಲ್ಲಿ ಮದನಪಲ್ಲಿಯ ಥಿಯಾಸಾಫಿಕಲ್ ಕಾಲೇಜಿನಲ್ಲಿ ತಂಗಿದ್ದಾಗ ಗೀತೆಯನ್ನು ಹಾಡಿ, ಅದನ್ನು ಇಂಗ್ಲಿಷಿಗೂ ಅನುವಾದಿಸಿದರು. ಅದಕ್ಕೆ ಅವರಿತ್ತ ಹೆಸರು ಭಾರತದ ಪ್ರಭಾತಗೀತವೆಂಬ ಅರ್ಥದ್ದು. ಐದನೆಯ ಚರಣದ ಅರುಣೋದಯವನ್ನು ಮರೆತವನಿಗೆ ಈ ಹೆಸರಿನ ಸ್ವಾರಸ್ಯ ಹೊಳೆಯದು. ೧೯೪೨ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಸುಭಾಷಚಂದ್ರ ಬೋಸರ ಸಮ್ಮುಖದಲ್ಲಿ ಇದನ್ನು ಭಾರತದ ರಾಷ್ಟ್ರಗೀತೆಯಾಗಿ ವಾದ್ಯವೃಂದದವರು ನುಡಿಸಿದರು. ಮರುವರ್ಷ ಆಜಾದ್ ಹಿಂದ್ ಸರಕಾರವು ಇದರ ಹಿಂದೂಸ್ತಾನೀ ರೂಪವನ್ನು ತನ್ನದಾಗಿ ಸ್ವೀಕರಿಸಿತು. ಆಂಗ್ಲಪ್ರಭುತ್ವದ ಮೇಲೆ ಶಸ್ತ್ರವೆತ್ತಿದವರೇ ಇದನ್ನು ಆರಿಸಿಕೊಂಡರೆಂಬುದು ಸಿದ್ಧಾಂತಕ್ಕೆ ಪ್ರಮಾಣವಲ್ಲದಿದ್ದರೂ ಶಿಷ್ಟಪರಿಗ್ರಹವೆಂಬ ಗೌರವಕ್ಕೆ ತಕ್ಕುದು.

೧೯೪೭ರಲ್ಲಿ ನ್ಯೂಯಾರ್ಕಿನ ಸಂಯುಕ್ತರಾಷ್ಟ್ರಗಳ ಮಹಾಸಭೆಯಲ್ಲಿ ನಮ್ಮ ಪ್ರತಿನಿಧಿಗಳನ್ನು ರಾಷ್ಟ್ರಗೀತೆ ಯಾವುದೆಂದು ಕೇಳಿದಾಗ, ಅವರು ತಮ್ಮಲ್ಲಿದ್ದ ಈ ಗೀತೆಯ ಧ್ವನಿಮುದ್ರಿಕೆಯನ್ನು ಕೊಟ್ಟರು. ಅಲ್ಲಿ ನುಡಿಸಿದ ವಾದ್ಯಮೇಳವು ಬಹುಜನರ ಮೆಚ್ಚುಗೆಯನ್ನು ಪಡೆಯಿತೆಂದು ಜವಾಹರಲಾಲ ನೆಹರೂರವರು ೧೯೪೮ರ ಆಗಸ್ಟ್ ೨೫ರಂದು ಸಂವಿಧಾನಸಭೆಗೆ ತಿಳಿಸಿದರು. ೧೯೫೦ರ ಜನವರಿ ೨೪ರಂದು ಅಧ್ಯಕ್ಷರಾದ ರಾಜೇಂದ್ರಪ್ರಸಾದರು, ನಿರ್ಣಯದ ರೂಪದಲ್ಲಿ ಅಲ್ಲದೆ ತಮ್ಮ ಹೇಳಿಕೆಯ ಮೂಲಕ, ಜನಗಣಮನವನ್ನು ರಾಷ್ಟ್ರಗೀತೆಯೆಂದು ಸಾರಿ, ಬಂಕಿಮಚಂದ್ರರ ‘ವಂದೇ ಮಾತರಂ’ ಗೀತೆಗೂ ಸಮಾನವಾದ ಗೌರವ ಸಲ್ಲತಕ್ಕುದೆಂದರು.

ಗಾಯನಕ್ಕೆ ಒಂದು ಚರಣವೇ ಇರಲಿ. ಅದನ್ನು ಬದಲಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ತರಗತಿಯಲ್ಲಿ ಐದನ್ನೂ ಅರ್ಥಸಹಿತವಾಗಿ ಓದಿಸದೆ, ಆಕ್ಷೇಪ ಬಂದಾಗ ಕವಿಯ ಪತ್ರವನ್ನು ಮಾತ್ರ ತೋರಿಸುವುದು ಉಪಾಧ್ಯಾಯರ ಧರ್ಮವಲ್ಲ. ವಾಕ್ಯಶೇಷವನ್ನು ಕತ್ತರಿಸಿದವರು ನಾವು. ಶಂಕೆಯನ್ನು ಪರಿಹರಿಸುವ ಹೊಣೆಯೂ ನಮ್ಮದೇ. ಆ ಹುಡುಗನು ಇಂದು ಎಲ್ಲಿರುವನೋ ತಿಳಿಯದು. ಅವನ ಪ್ರಶ್ನೆಯನ್ನು ಕೇಳುವ ಹುಡುಗರು ಪ್ರತಿವರ್ಷವೂ ಬರುತ್ತಿದ್ದಾರೆ. ಈ ವಿಚಾರದಲ್ಲಿ ಸ್ಖಾಲಿತ್ಯಗಳಿದ್ದರೆ ವಿದ್ವಜ್ಜನರು ಎತ್ತಿ ತೋರಿಸಿದಲ್ಲಿ ಕೃತಜ್ಞತೆಯಿಂದ ತಿದ್ದಿಕೊಳ್ಳುವೆನು.